ಹಳದಿ ಹೂವಿನ ಈ ಗಿಡ ಯಾವುದು? ಇಟ್ಟುಕೊಳ್ಳಲೋ, ಕಿತ್ತು ಹಾಕಲೋ?

ಹೊಸಹಿತ್ತಲು:
ಮೂರು ತಿಂಗಳ ಹಿಂದೆ ಈ ಮನೆಗೆ ಬಂದೆವು. ಕಾಂಪೌಂಡಿನ ಮೂಲೆಯಲ್ಲಿ ಹಿಂದಿದ್ದವರು ನೆಟ್ಟ ಗಿಡವೊಂದಿದೆ. ಎಂಟು ಅಡಿ ಎತ್ತರ ಇರಬಹುದು. ನಾವು ಬಂದಾಗಿನಿಂದ ಒಂದು ದಿನವೂ ಹೂವಿಲ್ಲದೆ ನಿಂತಿದ್ದು ನೋಡಿಲ್ಲ. ಹೂವು ಹಳದಿ, ಗಂಟೆಯ ಆಕಾರ. ಮೊಬೈಲ್ ಆ್ಯಪ್‌ಗೆ ಫೋಟೊ ಕೊಟ್ಟರೆ ಒಮ್ಮೆ ಟೆಕೋಮಾ ಅನ್ನುತ್ತೆ, ಇನ್ನೊಮ್ಮೆ ಅಲ್ಲಮಂಡ ಅನ್ನುತ್ತೆ. ನೀರು ಹಾಕದಿದ್ದರೂ ಸೊಂಪಾಗಿದೆ, ಇಟ್ಟುಕೊಳ್ಳುವ ಆಸೆ. ಆದರೆ ಒಂದೂವರೆ ವರ್ಷದ ಮಗಳಿದ್ದಾಳೆ, ಸಿಕ್ಕಿದ್ದೆಲ್ಲ ಅವಳ ಬಾಯಿಗೆ. ಅದಕ್ಕೇ ಕೇಳುತ್ತಿದ್ದೇನೆ.

ಬೇರುಬಿಳಲು:
ಹೂವು ಬಿಡಿ, ಎಲೆ ನೋಡಿ. ಹಳದಿ ಗಂಟೆ ಹೂವಿನ ಗಿಡಗಳು ಹಲವಿವೆ, ಆ್ಯಪ್ ಮುಗ್ಗರಿಸುವುದೇ ಅಲ್ಲಿ. ಎಲೆಗಳು ಎದುರುಬದುರು ಜೋಡಿಯಾಗಿವೆಯೋ, ಒಂದೇ ಗೆಣ್ಣಿನ ಸುತ್ತ ಮೂರು-ನಾಲ್ಕು ಇವೆಯೋ, ಒಂದೊಂದಾಗಿ ಹೊರಟಿವೆಯೋ? ಎಲೆ ಮುರಿದರೆ ಹಾಲು ಬರುತ್ತಾ? ಕಾಯಿ ಹೇಗಿದೆ? ಗ್ಲೌಸ್ ಹಾಕಿಕೊಂಡು ಮುರಿಯಿರಿ, ಆ ಕೈಯಲ್ಲಿ ಕಣ್ಣು ಉಜ್ಜಬೇಡಿ.

ಮಣ್ಣುಗೈ:
ಟೆಕೋಮಾನೇ ಅದು, ಅನುಮಾನ ಬೇಡ. ಬೇಕಿದ್ದರೆ ಒಂದು ಎಲೆ ಅಗಿದು ನೋಡಿ, ವಿಷದ ಗಿಡ ಆದರೆ ಕಹಿ ಇರುತ್ತೆ.

ಬೇರುಬಿಳಲು:
ಅಗಿಯುವ ಮಾತು ಬೇಡವೇ ಬೇಡ. ಹೆಸರು ಗೊತ್ತಿಲ್ಲದ ಗಿಡದ ರುಚಿ ನೋಡಲು ಯಾರಿಗೂ ಹೇಳಬೇಡಿ ಸಾರ್. ಟೆಕೋಮಾ ಎಲೆ ಬೇವಿನ ಎಲೆಯಂತೆ ಒಂದೇ ಕಡ್ಡಿಯ ಎರಡೂ ಬದಿಗೆ ಕಿರುಎಲೆಗಳಾಗಿ ಇರುತ್ತೆ, ಅಂಚು ಗರಗಸದಂತೆ. ಹಾಲು ಬರಲ್ಲ. ಕಾಯಿ ಉದ್ದ ಕೋಡು, ಒಣಗಿ ಬಿರಿದರೆ ಹಾಳೆಯಂಥ ಬೀಜ ಗಾಳಿಗೆ ಹಾರುತ್ತೆ. ಅಲ್ಲಮಂಡಕ್ಕೆ ಹಾಲುಂಟು, ಆದರೆ ಎಲೆ ಗೆಣ್ಣಿನ ಸುತ್ತ ಗುಂಪಾಗಿರುತ್ತೆ, ಕಾಯಿಗೆ ಮುಳ್ಳು.

ಹೊಸಹಿತ್ತಲು:
ನೋಡಿ ಬಂದೆ. ಎಲೆ ಒಂದೊಂದೇ, ಆದರೆ ಒತ್ತೊತ್ತಾಗಿ ಸುತ್ತಿಕೊಂಡು ಏರಿದೆ. ಗೇಣುದ್ದ ಇಲ್ಲ, ಬೆರಳಿಗಿಂತ ಸಣ್ಣ ಅಗಲ, ಹೊಳಪು. ಮುರಿದ ಕೂಡಲೇ ಬಿಳಿ ಹಾಲು ತೊಟ್ಟಿಕ್ಕಿತು. ಕಾಯಿ ಹಸಿರು, ನಡುವೆ ಏಣು. ಕೆಳಗೆ ಕಪ್ಪಾಗಿ ಬಿದ್ದವೂ ಇವೆ. ಒಂದನ್ನು ಒಡೆದರೆ ಒಳಗೆ ಮೂರು ಮೂಲೆಯ ಗಟ್ಟಿ ಓಟೆ.

ಬೇರುಬಿಳಲು:
ಆ ಓಟೆ ಹೇಳಿದ ಮೇಲೆ ಬೇರೆ ಮಾತಿಲ್ಲ. ಇದು ಹಳದಿ ಕಣಗಿಲೆ. ಹಳೆಯ ಪುಸ್ತಕಗಳಲ್ಲಿ ಥೆವೆಟಿಯಾ ಪೆರುವಿಯಾನಾ, ಈಗಿನ ಹೆಸರು ಕ್ಯಾಸ್ಕಬೆಲಾ ಥೆವೆಟಿಯಾ. ಮೂಲ ಮೆಕ್ಸಿಕೋ, ಮಧ್ಯ ಅಮೆರಿಕ. ಬೇರು, ಎಲೆ, ಹಾಲು ಎಲ್ಲ ವಿಷ, ಓಟೆಯೊಳಗಿನ ಬೀಜ ಎಲ್ಲಕ್ಕಿಂತ ಹೆಚ್ಚು. ಇದರ ವಿಷ ನೇರ ಹೃದಯಕ್ಕೆ: ವಾಂತಿ, ಭೇದಿ, ಆಮೇಲೆ ಬಡಿತ ನಿಧಾನವಾಗಿ ತಾಳ ತಪ್ಪುತ್ತೆ. ಒಣಗಿದ ಎಲೆಯಲ್ಲೂ ವಿಷ ಹೋಗಲ್ಲ. ಅಕಸ್ಮಾತ್ ಯಾರಾದರೂ ತಿಂದರೆ ಮನೆಯಲ್ಲಿ ವಾಂತಿ ಮಾಡಿಸುತ್ತಾ ಕೂರಬೇಡಿ, ಒಂದು ಕಾಯಿ ಜೊತೆಗಿಟ್ಟುಕೊಂಡು ತಕ್ಷಣ ಆಸ್ಪತ್ರೆಗೆ ಓಡಿ.

ಗುದ್ದಲಿ:
ನಾವು ಇದನ್ನೇ ಬೇಲಿಗೆ ಬೆಳೆಸಿದ್ದೇವೆ, ಹತ್ತು ವರ್ಷದಿಂದ ಏನೂ ಆಗಿಲ್ಲ. ಆಗಾಗ ಕತ್ತರಿಸಿದರೆ ಸಾಕು. ಕೋಗಿಲೆ ಬಂದು ಹಣ್ಣು ತಿಂದು ಹೋಗುತ್ತೆ, ಅದಕ್ಕೇನೂ ಆಗಿಲ್ಲವಲ್ಲ?

ಬೇರುಬಿಳಲು:
ಕೋಗಿಲೆ ತಿನ್ನುವುದು ನಿಜ. ಅದಕ್ಕೆ ಒಗ್ಗುತ್ತೆ, ನಮಗೂ ನಾಯಿಗೂ ಹಸುವಿಗೂ ಒಗ್ಗಲ್ಲ. ದೊಡ್ಡವರಷ್ಟೇ ಇರುವ ಮನೆಯಾದರೆ ನಾನೂ ಇಟ್ಟುಕೊಳ್ಳಿ ಅನ್ನುತ್ತಿದ್ದೆ. ಬಿಸಿಲು, ಬರ ಎಲ್ಲ ತಡೆಯುವ ಚೆಂದದ ಗಿಡ, ನನಗೂ ಅದರ ಮೇಲೆ ಮೋಹವುಂಟು. ಆದರೆ ಕತ್ತರಿಸಿದರೂ ಕಾಯಿ ಕಟ್ಟುವುದು ನಿಲ್ಲಲ್ಲ, ಕಾಯಿ ಬೀಳುವುದು ನೆಲಕ್ಕೆ, ಈ ಮಗು ಇರುವುದೂ ನೆಲದ ಮೇಲೇ. ಕಿತ್ತುಬಿಡಿ.

ಹೊಸಹಿತ್ತಲು:
ಸರಿ, ಕೀಳುತ್ತೇನೆ. ಹೇಗೆ? ಬುಡಕ್ಕೆ ಕಡಿದರೆ ಸಾಕಾ?

ಬೇರುಬಿಳಲು:
ಸಾಲದು, ಬುಡದಿಂದ ಮತ್ತೆ ಚಿಗುರುತ್ತೆ. ಕೊಡಲಿ ಎತ್ತುವ ಮೊದಲು ನೆಲದ ಕಾಯಿ, ಓಟೆ ಎಲ್ಲ ಆಯ್ದು ಮುಗಿಸಿ. ಕೊಂಬೆ ಬಿದ್ದರೆ ಅವು ಅಡಿಗೆ ಸೇರಿ ಕಾಣುವುದಿಲ್ಲ. ತುಂಬುತೋಳಿನ ಅಂಗಿ, ಗ್ಲೌಸ್, ಕನ್ನಡಕ ಇರಲಿ, ಹಾಲು ಚರ್ಮಕ್ಕೆ ತಾಗಿದರೆ ಸೋಪಿನಲ್ಲಿ ತೊಳೆಯಿರಿ. ಕೊಂಬೆ ಸುಡಬೇಡಿ, ಹೊಗೆ ಒಳ್ಳೆಯದಲ್ಲ. ದನ, ಮೇಕೆ ಬಾಯಿ ಹಾಕುವ ಕಡೆ ಎಸೆಯಲೂ ಬೇಡಿ. ಮಣ್ಣು ನೆನೆದಿರುವಾಗ ಬುಡ ಸುಲಭಕ್ಕೆ ಏಳುತ್ತೆ.

ಮಣ್ಣುಗೈ:
ನಾನು ಟೆಕೋಮಾ ಅಂದಿದ್ದು ತಪ್ಪು, ಅಗಿಯಿರಿ ಅಂದಿದ್ದು ಇನ್ನೂ ತಪ್ಪು. ಈಗ ಹೋಗಿ ನಮ್ಮ ಗಿಡ ನೋಡಿದೆ. ಕಿರುಎಲೆ, ಗರಗಸದ ಅಂಚು, ಉದ್ದ ಕೋಡು. ನಮ್ಮದು ಟೆಕೋಮಾನೇ, ಪುಣ್ಯ.

ಹೊಸಹಿತ್ತಲು:
ಮೂರು ವಾರ ಆಯಿತು, ವರದಿ ಒಪ್ಪಿಸುತ್ತೇನೆ. ಗಿಡ ಬುಡಸಮೇತ ಹೋಯಿತು, ಆಯ್ದ ಓಟೆಗಳೇ ಅರ್ಧ ಬಕೆಟ್. ಮೂಲೆ ಬೋಳುಬೋಳಾಗಿ ಕಾಣುತ್ತೆ. ಅಲ್ಲಿ ಟೆಕೋಮಾ ನೆಡಲಾ?

ಬೇರುಬಿಳಲು:
ಅದೂ ಬೀಜ ಹಾರಿಸಿ ಎಲ್ಲೆಂದರಲ್ಲಿ ಏಳುತ್ತೆ. ದಾಸವಾಳ ನೆಡಿ, ಮಗಳು ಹೂವು ಕಿತ್ತು ಬಾಯಿಗಿಟ್ಟರೂ ಗಾಬರಿಯಿಲ್ಲ. ಆದರೆ ಅವಸರ ಬೇಡ, ತಪ್ಪಿಸಿಕೊಂಡ ಓಟೆಗಳು ಮೊಳೆಯುತ್ತವೆ. ಕೆಲವು ತಿಂಗಳು ಆ ಜಾಗದ ಮೇಲೆ ಕಣ್ಣಿರಲಿ.

ಹೊಸಹಿತ್ತಲು:
ಇವತ್ತೇ ಎರಡು ಸಸಿ ಕಿತ್ತೆ. ಬೆರಳುದ್ದ ಇಲ್ಲ, ಮುರಿದರೆ ಆಗಲೇ ಹಾಲು.