1866ರ ಹಳ್ಳಿ ಮತ್ತು ನಮ್ಮ ಮನೆಯ ಬಾಗಿಲು

(ಗುಂಪು: ಹಳೆಮನೆ ಬಳಗ)

ದೊಡ್ಡಪ್ಪ: (ಫಾರ್ವರ್ಡ್, ಫೋಟೋ ಸಹಿತ) ಕೆನಡಾದಲ್ಲಿ ಇಂದಿಗೂ 1866ರಂತೆಯೇ ಬದುಕುತ್ತಿರುವ ಒಂದು ಹಳ್ಳಿ! ವಿದ್ಯುತ್ ಇಲ್ಲ, ಮೊಬೈಲ್ ಇಲ್ಲ. ಕುದುರೆ ಎಳೆಯುವ ದೋಣಿ, ತಾವೇ ನೂತ ಉಣ್ಣೆ, ತಾವೇ ಬೀಸಿದ ಹಿಟ್ಟು. ಅಲ್ಲಿ ರೋಗವೆಂಬುದೇ ಇಲ್ಲ. ನಾವು ಕಳೆದುಕೊಂಡದ್ದನ್ನು ಅವರು ಉಳಿಸಿಕೊಂಡಿದ್ದಾರೆ. ಹತ್ತು ಜನರಿಗೆ ಕಳುಹಿಸಿ.

ದೊಡ್ಡಪ್ಪ: ಎಲ್ಲರೂ ಓದಿ. ಎಲೆಯ ಮುಂದೆ ಕುಳಿತಾಗಲೂ ಮೊಬೈಲ್ ಕೆಳಗಿಡದವರು ಎರಡು ಸಲ ಓದಿ.

ಚಿಕ್ಕಮ್ಮ: ಎಷ್ಟು ಚೆನ್ನಾಗಿದೆ ಭಾವ. ನಮ್ಮ ಮಹಿಳಾ ಮಂಡಳಿಗೂ ಕಳುಹಿಸಿದೆ.

ಅಣ್ಣ: ಇದರ ಮೂಲ ಯಾವುದು? ಹಳ್ಳಿಯ ಹೆಸರೇ ಇಲ್ಲವಲ್ಲ.

ದೊಡ್ಡಪ್ಪ: ನಿನಗೆ ಪ್ರತಿಯೊಂದಕ್ಕೂ ಮೂಲ ಬೇಕು. ಅರಿಸಿನದ ಹಾಲು ಕುಡಿ ಎಂದಾಗಲೂ ಮೂಲ ಕೇಳಿದವನು ನೀನು.

ಅಣ್ಣ: ಆಗ ನನಗೆ ನ್ಯುಮೋನಿಯಾ ಆಗಿತ್ತು ದೊಡ್ಡಪ್ಪ.

ನಾನು: ಆ ಫೋಟೋದಲ್ಲಿರುವ ಜಾಗ ನನಗೆ ಗೊತ್ತು. ಹೋದ ತಿಂಗಳು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಆಂಟೇರಿಯೊದ ಮಾರಿಸ್‌ಬರ್ಗ್ ಹತ್ತಿರ, ಸೇಂಟ್ ಲಾರೆನ್ಸ್ ನದಿಯ ದಡದಲ್ಲಿದೆ. ಹೆಸರು ಅಪ್ಪರ್ ಕೆನಡಾ ವಿಲೇಜ್. ಅದು ಜನ ವಾಸವಿರುವ ಊರಲ್ಲ. 1961ರಲ್ಲಿ ತೆರೆದ ವಸ್ತುಸಂಗ್ರಹಾಲಯ, ಟಿಕೆಟ್ ಕೊಂಡು ಒಳಗೆ ಹೋಗಬೇಕು. ಉದ್ದ ಲಂಗ ತೊಟ್ಟು ರಾಟೆ ತಿರುಗಿಸುವ ಹೆಂಗಸು ಅಲ್ಲಿನ ಸಿಬ್ಬಂದಿ. ಸಂಜೆ ಬಟ್ಟೆ ಬದಲಿಸಿ ಕಾರಿನಲ್ಲಿ ಮನೆಗೆ ಹೋಗುತ್ತಾಳೆ.

ದೊಡ್ಡಪ್ಪ: ಇರಬಹುದು. ಸಂದೇಶದ ಆಶಯ ನೋಡು. ಹಿಂದಿನವರ ಬದುಕು ಶುದ್ಧವಾಗಿತ್ತು ಎನ್ನುವುದು ಸುಳ್ಳೇ?

ನಾನು: ರೋಗವಿಲ್ಲ ಎಂದು ಬರೆದಿರುವುದಂತೂ ಸುಳ್ಳು. ಹಳ್ಳಿಯ ಪಕ್ಕದಲ್ಲೇ ಒಂದು ಸ್ಮಾರಕವಿದೆ. ಕೆಡವಿದ ಮನೆಗಳ ಇಟ್ಟಿಗೆಯಿಂದ ಗೋಡೆ ಎಬ್ಬಿಸಿ, ಮೊದಲ ವಲಸಿಗರ ಸಮಾಧಿಕಲ್ಲುಗಳನ್ನು ಅದರಲ್ಲಿ ಕೂರಿಸಿದ್ದಾರೆ. ಸತ್ತವರ ವಯಸ್ಸನ್ನು ವರ್ಷ, ತಿಂಗಳು, ದಿನಗಳ ಲೆಕ್ಕದಲ್ಲಿ ಕೆತ್ತಿದ್ದಾರೆ. ವರ್ಷವೇ ಇಲ್ಲದ ಕಲ್ಲೊಂದರ ಮುಂದೆ ನಿಂತು ಮಗಳು, 'ಇದು ಪಾಪುವಿನದಾ?' ಎಂದು ಕೇಳಿದಳು. ಇದೇ ನದಿಯ ದಾರಿಯಲ್ಲಿ ಬಂದ ಕಾಲರಾ 1832ರಲ್ಲಿ ಸಾವಿರಾರು ಜನರನ್ನು ಕೊಂದಿತು. ಇದನ್ನು ಸುಮ್ಮನೆ ಬಿಡಲು ನನ್ನಿಂದ ಆಗುವುದಿಲ್ಲ.

ಹೊಸನಗರದ ಭಾವ: ಹಿಟ್ಟು ಬೀಸುವುದು ಎಂದ ಕೂಡಲೇ ಅಜ್ಜಿಯ ನೆನಪಾಯಿತು. ನಸುಕಿನಲ್ಲಿ ಬೀಸುವ ಕಲ್ಲಿನ ಸದ್ದಿಗೆ ಎಚ್ಚರವಾಗುತ್ತಿತ್ತು. ಬಚ್ಚಲ ಒಲೆಯ ಹೊಗೆ, ಅಡಿಕೆ ಚಪ್ಪರ, ಅಪ್ಪೆಹುಳಿ. ಆಹಾ.

ಸಾಗರದ ಅತ್ತೆ: ಆ ಕಲ್ಲು ಈಗ ಎಲ್ಲಿದೆ ಎಂದು ಯಾರಾದರೂ ಕೇಳಿದ್ದೀರಾ? ದೊಡ್ಡಣ್ಣನ ಅಂಗಳದಲ್ಲಿ ಹೂವಿನ ಕುಂಡದ ಕೆಳಗಿದೆ.

ದೊಡ್ಡಪ್ಪ: ನಿನ್ನ ಮನೆಗೆ ಒಯ್ಯಲು ಹೇಳಿದೆ. ಕಾರಿನ ಡಿಕ್ಕಿ ಹಾಳಾಗುತ್ತದೆ ಎಂದವರು ಯಾರು?

ಅಣ್ಣ: ಮತ್ತೆ ಶುರುವಾಯಿತು. ಅಲ್ಲಿ ಹಿಟ್ಟಿನ ಗಿರಣಿ ನಿಜವಾಗಿ ನಡೆಯುತ್ತದೆಯೇ, ಬರೀ ತೋರಿಕೆಯೇ?

ನಾನು: ನಡೆಯುತ್ತದೆ. ಅದು ಉಗಿಯಂತ್ರದ ಗಿರಣಿ. ಉಣ್ಣೆಯ ಕಾರ್ಖಾನೆ ಮತ್ತು ಮರ ಕೊಯ್ಯುವ ಯಂತ್ರ ನೀರಿನ ಬಲದಿಂದ ತಿರುಗುತ್ತವೆ. ಗಿರಣಿಯ ಹಿಟ್ಟು ಬೇಕರಿಗೆ ಹೋಗುತ್ತದೆ, ಕಟ್ಟಿಗೆ ಉರಿಸಿದ ಇಟ್ಟಿಗೆಯ ಒಲೆಯಲ್ಲಿ ಬ್ರೆಡ್ ಬೇಯುತ್ತದೆ. ನಾನು ಒಂದನ್ನು ಕೊಂಡೆ. ಹೊರಪದರ ಎಷ್ಟು ದಪ್ಪವೆಂದರೆ ಕೈಯಲ್ಲಿ ಮುರಿದಾಗ ಸದ್ದಾಯಿತು. ಒಳಗೆ ಇನ್ನೂ ಬಿಸಿಯಿತ್ತು.

ಅಣ್ಣ: ಮೊದಲ ವಲಸಿಗರು ಎಂದೆಯಲ್ಲ, ಅವರು ಬರುವ ಮೊದಲು ಆ ನೆಲ ಖಾಲಿ ಇತ್ತೇ?

ನಾನು: ಇರಲಿಲ್ಲ. ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ ಬ್ರಿಟಿಷ್ ದೊರೆಯ ಪರ ನಿಂತವರು 1784ರಲ್ಲಿ ಬಂದು ಅಲ್ಲಿ ನೆಲೆಸಿದರು. ನದಿಯ ಕೆಳಭಾಗದಲ್ಲಿ ಮೂಲನಿವಾಸಿಗಳಾದ ಮೋಹಾಕ್ ಜನರ ನೆಲೆ ಅಕ್ವೆಸಾಸ್ನೆ ಇಂದಿಗೂ ಇದೆ. ಅಣೆಕಟ್ಟಿನ ಯೋಜನೆಗೆ ಅವರ ಭೂಮಿಯೂ ಹೋಯಿತು.

ಸಾಗರದ ಅತ್ತೆ: ಯಾವ ಅಣೆಕಟ್ಟು?

ನಾನು: ನಾನು ಹೇಳಬೇಕೆಂದಿದ್ದದ್ದೇ ಇದು ಅತ್ತೆ. ಅಲ್ಲಿನ ಹಲವು ಮನೆಗಳು ಹುಟ್ಟಿದ್ದು ಬೇರೆ ಊರುಗಳಲ್ಲಿ. ದೊಡ್ಡ ಹಡಗುಗಳಿಗೆ ದಾರಿ ಮಾಡಲು, ವಿದ್ಯುತ್ ತೆಗೆಯಲು ಸೇಂಟ್ ಲಾರೆನ್ಸ್‌ಗೆ ಅಣೆಕಟ್ಟು ಕಟ್ಟಿದರು. 1958ರ ಜುಲೈ 1ರಂದು ತಡೆಗೋಡೆಯನ್ನು ಸ್ಫೋಟಿಸಿ ನೀರು ಬಿಟ್ಟರು. ನಾಲ್ಕು ದಿನಗಳಲ್ಲಿ ಊರುಗಳು ಮುಳುಗಿದವು. ಸುಮಾರು 6,500 ಜನ ನೆಲೆ ಬಿಟ್ಟರು. ಆಲ್ಟ್ಸ್‌ವಿಲ್, ವೇಲ್ಸ್, ಮೂಲಿನೆಟ್, ಡಿಕಿನ್ಸನ್ಸ್ ಲ್ಯಾಂಡಿಂಗ್. ಇವನ್ನೆಲ್ಲ ಅಲ್ಲಿಯವರು ಕಳೆದುಹೋದ ಹಳ್ಳಿಗಳು ಎಂದೇ ಕರೆಯುತ್ತಾರೆ. ಅಲ್ಲಿಂದ ಎತ್ತಿ ತಂದ ಹಳೆಯ ಕಟ್ಟಡಗಳಿಂದಲೇ ಈ ವಸ್ತುಸಂಗ್ರಹಾಲಯ ಶುರುವಾಯಿತು. ದೊಡ್ಡಪ್ಪ, ನೀವು ಹೊಗಳಿದ ಹಳ್ಳಿಯವರು ನಮ್ಮಂತೆಯೇ ಮುಳುಗಡೆಯವರು.

ಅಣ್ಣ: ನಮ್ಮೂರನ್ನು ಮುಳುಗಿಸಿದ ಲಿಂಗನಮಕ್ಕಿ ಅಣೆಕಟ್ಟು 1964. ನಡುವೆ ಆರೇ ವರ್ಷ.

ದೊಡ್ಡಪ್ಪ: ಮುಳುಗಡೆಯನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಎಂಟು ವರ್ಷದವನಿದ್ದಾಗ ಲಾರಿಯಲ್ಲಿ ಸಾಮಾನಿನ ಮೇಲೆ ಕುಳಿತು ಬಂದವನು ನಾನು.

ನಾನು: ಗೊತ್ತು ದೊಡ್ಡಪ್ಪ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ಅಲ್ಲಿ 500ಕ್ಕೂ ಹೆಚ್ಚು ಮನೆಗಳನ್ನು ಅಡಿಪಾಯದಿಂದ ಎತ್ತಿ, ಆಳೆತ್ತರದ ಚಕ್ರಗಳ ಯಂತ್ರದ ಮೇಲೆ ಹೊಸ ಊರುಗಳಿಗೆ ಸಾಗಿಸಿದರು. ಕಪಾಟಿನಲ್ಲಿದ್ದ ಪಿಂಗಾಣಿಯನ್ನೂ ಇಳಿಸಬೇಕಾಗಿರಲಿಲ್ಲವಂತೆ.

ಸಾಗರದ ಅತ್ತೆ: ಇಡೀ ಮನೆಯನ್ನೇ? ನಮ್ಮ ಅಪ್ಪನಿಗೆ ಮುಂಬಾಗಿಲೊಂದನ್ನು ಬಿಚ್ಚಿ ತರುವುದರಲ್ಲೇ ಸಾಕಾಗಿತ್ತು. ಅದನ್ನೂ ಹಳೆಯ ಸಾಮಾನಿನ ವ್ಯಾಪಾರಿಗೆ ಕೊಟ್ಟುಬಿಟ್ಟರು.

ದೊಡ್ಡಪ್ಪ: ಕೊಟ್ಟವನು ನಾನೇ. ಗೆದ್ದಲು ಹಿಡಿದಿತ್ತು. ಆ ಹಣ ಎಲ್ಲಿಗೆ ಹೋಯಿತು ಎಂದು ನಿನ್ನ ಗಂಡನನ್ನೇ ಕೇಳು.

ಸಾಗರದ ಅತ್ತೆ: ಸತ್ತವರನ್ನು ಕೇಳು ಎನ್ನುತ್ತೀಯಲ್ಲ.

ಹೊಸನಗರದ ಭಾವ: ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅದರಲ್ಲಿ ಮುಳುಗಿದ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುತ್ತದೆ. ಈ ಸಲ ಎಲ್ಲರೂ ಒಟ್ಟಿಗೆ ಹೋಗಿ ನೋಡೋಣವೇ? ಬುತ್ತಿ ನನ್ನದು.

ಅಣ್ಣ: ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಕಂಬ, ತೊಲೆ ಸಹಿತ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದಾರೆ. ಹಸ್ತಶಿಲ್ಪ ಹೆರಿಟೇಜ್ ವಿಲೇಜ್. ನಮ್ಮಲ್ಲೂ ಆಗದ ಕೆಲಸವೇನಲ್ಲ.

ಸಾಗರದ ಅತ್ತೆ: ಅಂಥ ಕಡೆ ಕೊಟ್ಟಿದ್ದರೆ ವರ್ಷಕ್ಕೊಮ್ಮೆ ಹೋಗಿ ಮುಟ್ಟಿ ಬರುತ್ತಿದ್ದೆ.

ಚಿಕ್ಕಮ್ಮ: ಮಂಡಳಿಯವರು ಆ ಕೆನಡಾದ ಹಳ್ಳಿಯಲ್ಲಿ ನಾಲ್ಕು ದಿನ ಉಳಿಯಲು ಸಿಗುತ್ತದೆಯೇ ಎಂದು ಕೇಳುತ್ತಿದ್ದಾರೆ. ಏನು ಹೇಳಲಿ?

ನಾನು: ಅದು ವಸ್ತುಸಂಗ್ರಹಾಲಯ ಎಂದು ಹೇಳಿ ಚಿಕ್ಕಮ್ಮ. ಈಗಲೇ ಹೇಳಿ, ಅವರು ಇನ್ನು ಹತ್ತು ಜನರಿಗೆ ಕಳುಹಿಸುವ ಮೊದಲು. ದೊಡ್ಡಪ್ಪ, ಅತ್ತೆ, ಇನ್ನೊಂದು ಮಾತು. ಅಲ್ಲಿ ಪ್ರತಿ ಮನೆಯ ಕಥೆಯನ್ನೂ ಬರೆದಿಟ್ಟಿದ್ದಾರೆ: ಯಾವ ಊರಿನದು, ಯಾರದಾಗಿತ್ತು. ನಮ್ಮ ಬಾಗಿಲಿನ ಒಂದು ಫೋಟೋ ಕೂಡ ನನ್ನ ಬಳಿ ಇಲ್ಲ. ನಿಮ್ಮಿಬ್ಬರಿಗೆ ನೆನಪಿರುವುದನ್ನು ಇಲ್ಲೇ ಬರೆಯುತ್ತೀರಾ? ನಾನು ಎತ್ತಿಟ್ಟುಕೊಳ್ಳುತ್ತೇನೆ.

ದೊಡ್ಡಪ್ಪ: ಹಲಸಿನ ಮರ. ಎತ್ತರ ನಾಲ್ಕೂವರೆ ಅಡಿ. ಅಪ್ಪ ತಲೆ ಬಗ್ಗಿಸಿಯೇ ಒಳಗೆ ಬರುತ್ತಿದ್ದರು. ಅಗುಳಿಯ ಹತ್ತಿರ ಸುಟ್ಟ ಕಲೆಯಿತ್ತು, ದೀಪಾವಳಿಯ ಹಣತೆಯದು.

ಸಾಗರದ ಅತ್ತೆ: ಐದು ಅಡಿ. ಕಲೆ ಮಾಡಿದವನು ನೀನೇ.

ದೊಡ್ಡಪ್ಪ: ನಾಲ್ಕೂವರೆ.