ಹಳೇ ಬಿ16ಎ ವಿಟೆಕ್‌ಗೆ ಟ್ಯಾಪೆಟ್ ಸೆಟ್ಟಿಂಗ್: ಸದ್ದೇ ಇಲ್ಲ, ಆದ್ರೂ ಚೆಕ್ ಮಾಡ್ಬೇಕಾ?

ಹಳೇಗೇರು
ನನ್ನತ್ರ 90ರ ದಶಕದ ಹೋಂಡಾ ಇದೆ, ಬಿ16ಎ ಇಂಜಿನ್, 1.6 ಲೀಟರ್ ಟ್ವಿನ್ ಕ್ಯಾಮ್ ವಿಟೆಕ್ (ಆರ್‌ಪಿಎಂ ಏರಿದಾಗ ವಾಲ್ವ್ ಜಾಸ್ತಿ ತೆರೆಯೋ ಹೋಂಡಾ ವ್ಯವಸ್ಥೆ). ಹಿಂದಿನ ಓನರ್ ಟ್ಯಾಪೆಟ್ (ವಾಲ್ವ್ ತೆರೆಯೋ ಭಾಗಗಳ ನಡುವಿನ ಸಣ್ಣ ಗ್ಯಾಪ್) ಸೆಟ್ಟಿಂಗ್ ಯಾವಾಗ ಮಾಡ್ಸಿದ್ರೋ ಗೊತ್ತಿಲ್ಲ. ಸದ್ದು ಏನೂ ಇಲ್ಲ, ಮೇಲಿನ ಆರ್‌ಪಿಎಂನಲ್ಲಿ ಚೆನ್ನಾಗೇ ಎಳೆಯುತ್ತೆ, ಆದ್ರೆ ಬಿಸಿಯಾದ್ಮೇಲೆ ಐಡಲ್‌ನಲ್ಲಿ ನಡುಗುತ್ತೆ, ಪ್ಲಗ್ ಹೊಸದು ಹಾಕಿದ್ರೂ ಹಂಗೇ. ಸದ್ದಿಲ್ಲ ಅಂದ್ಮೇಲೆ ಕವರ್ ಬಿಚ್ಚೋದು ಬೇಕಾ? ಬಿಚ್ಚಿದ್ರೆ ಗ್ಯಾಪ್ ಎಷ್ಟಿಡ್ಲಿ, ಎರಡು ವಾಲ್ವಿಗೆ ಮೂರು ಲೋಬ್ (ಕ್ಯಾಮ್ ಮೇಲಿನ ಉಬ್ಬು) ಇದ್ಯಲ್ಲ, ಗೇಜ್ (ಗ್ಯಾಪ್ ಅಳೆಯೋ ತೆಳು ಪಟ್ಟಿ) ಯಾವುದಕ್ಕೆ ಹಾಕೋದು?

ಲಾಕ್‌ನಟ್
ಬಿಚ್ಚಿ ಸರ್, ಸದ್ದಿಲ್ಲ ಅನ್ನೋದೇ ನಂಗೆ ಅನುಮಾನ. ಗ್ಯಾಪ್ ಜಾಸ್ತಿಯಾದ್ರೆ ಟಕಟಕ ಅಂತ ಅದೇ ಹೇಳುತ್ತೆ, ಕಮ್ಮಿಯಾದ್ರೆ ಬಾಯೇ ಬಿಡಲ್ಲ. ಓಡ್ತಾ ಓಡ್ತಾ ವಾಲ್ವ್ ಸೀಟ್ ಸವೆದು ವಾಲ್ವ್ ರಾಕರ್ (ಅದನ್ನ ಒತ್ತಿ ತೆರೆಯೋ ತೋಳು) ಕಡೆಗೆ ಸರಿಯುತ್ತೆ, ಗ್ಯಾಪ್ ತಿಂದ್ಹಾಕುತ್ತೆ, ಅದ್ರಲ್ಲೂ ಎಕ್ಸಾಸ್ಟ್ ಕಡೆ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿನ ಬಹುಪಾಲು ಬಿಡೋದು ಸೀಟ್ ಮೇಲೆ ಕೂತಾಗ್ಲೇ, ಪೂರ್ತಿ ಕೂರಕ್ಕೇ ಆಗ್ಲಿಲ್ಲ ಅಂದ್ರೆ ಅಂಚು ಸುಟ್ಟು ಕಂಪ್ರೆಷನ್ ಹೋಗುತ್ತೆ, ಆಮೇಲೆ ಹೆಡ್ ಇಳಿಸ್ದೆ ಬೇರೆ ದಾರಿ ಇಲ್ಲ.

ಇನ್‌ಟೇಕ್ 0.15ರಿಂದ 0.19 ಮಿ.ಮೀ., ಎಕ್ಸಾಸ್ಟ್ 0.17ರಿಂದ 0.21. ಹೆಡ್ 38 ಡಿಗ್ರಿಗಿಂತ ತಣ್ಣಗಿರ್ಬೇಕು, ರಾತ್ರಿಯೆಲ್ಲ ನಿಲ್ಸಿ ಬೆಳಗ್ಗೆ ಸ್ಟಾರ್ಟ್ ಮಾಡೋಕ್ ಮುಂಚೆ ಕವರ್ ತೆಗೀರಿ. ನಾನಾದ್ರೆ ಎಕ್ಸಾಸ್ಟ್‌ನ 0.20ರ ಹತ್ರಾನೇ ಇಡ್ತೀನಿ.

ಮೂರು ಲೋಬಲ್ಲಿ ನಡುವಿನದು ಹೈ ಆರ್‌ಪಿಎಂಗೆ, ಅದರ ರಾಕರ್‌ಗೆ ಅಡ್ಜಸ್ಟರ್ ಇಲ್ಲ, ಅಕ್ಕಪಕ್ಕದ ಎರಡಕ್ಕೆ ಮಾತ್ರ. ನಡುವಿನ ರಾಕರನ್ನ ಬೆರಳಲ್ಲಿ ಒತ್ತಿ ನೋಡಿ, ಪಕ್ಕದವು ಅಲ್ಲಾಡ್ದೆ ಅದೊಂದೇ ಕೆಳಗೋಗ್ಬೇಕು, ಮೂರೂ ಒಟ್ಟಿಗೆ ಹೋದ್ರೆ ಒಳಗೆ ಮೂರನ್ನೂ ಜೋಡಿಸೋ ಪಿನ್ ಸಿಕ್ಕಾಕೊಂಡಿದೆ ಅಂತ.

ಹದಿನಾರ್‌ವಾಲ್ವ್
ಮೇಲೆ ಹೇಳಿರೋದು ಸರಿ. ಒಂದು ಮುಖ್ಯ ವಿಷ್ಯ, ಈ ಇಂಜಿನ್ ಪುಲ್ಲಿ ಕಡೆಯಿಂದ ನೋಡಿದ್ರೆ ಎಡಕ್ಕೆ ತಿರುಗುತ್ತೆ, ಗಡಿಯಾರದ ಉಲ್ಟಾ. ಪ್ಲಗ್ ನಾಲ್ಕೂ ಬಿಚ್ಚಿಟ್ರೆ ಕೈಗೆ ಹಗುರ. ಕ್ಯಾಮ್ ಬೋಲ್ಟ್ ಹಿಡ್ದು ಯಾವತ್ತೂ ತಿರುಗಿಸ್ಬೇಡಿ, ಕ್ರ್ಯಾಂಕ್ ಬೋಲ್ಟಿಂದಾನೇ. ಒಂದನೇ ಸಿಲಿಂಡರ್ ಟಿಡಿಸಿಗೆ (ವಾಲ್ವ್ ಎಲ್ಲ ಮುಚ್ಚಿ ಪಿಸ್ಟನ್ ತೀರಾ ಮೇಲಿರೋ ಜಾಗ) ತಂದು ಅದರ ನಾಲ್ಕು ವಾಲ್ವ್ ಮುಗ್ಸಿ, ಆಮೇಲೆ ಅರ್ಧರ್ಧ ಸುತ್ತು, 3, 4, 2 ಅಂತ ಹೋಗಿ.

ಎಲ್ರೂ ಪರದಾಡೋದು ಲಾಕ್ ನಟ್ ಹತ್ರ. ಸ್ಕ್ರೂ ಸರಿಯಾಗಿ ಇಟ್ಟಿರ್ತೀರ, ನಟ್ ಬಿಗಿ ಮಾಡುವಾಗ ಜೊತೆಗೆ ಅದೂ ಒಂಚೂರು ತಿರುಗಿ ಗ್ಯಾಪ್ ಹೋಗುತ್ತೆ. ಸ್ಕ್ರೂಡ್ರೈವರ್ ಒತ್ತಿ ಹಿಡ್ಕೊಂಡೇ ಬಿಗಿ ಮಾಡಿ, ಆಮೇಲೆ ಇನ್ನೊಂದ್ಸಲ ಅಳೀರಿ. ಗೇಜ್ ಎಳೆದಾಗ ಹಿಡಿತ ಎಷ್ಟಿರ್ಬೇಕು ಅಂತ ಗೊಂದಲ ಆದ್ರೆ ಎಕ್ಸಾಸ್ಟ್‌ಗೆ 0.18ರ ಪಟ್ಟಿ ಸಲೀಸಾಗಿ ಹೋಗ್ಬೇಕು, 0.22ರದ್ದು ಹೋಗ್ಲೇಬಾರದು, ಅಷ್ಟೇ ನೋಡಿ.

ಹಳೇಗೇರು
ಥ್ಯಾಂಕ್ಸ್ ಇಬ್ರಿಗೂ. ಬೆಳಗ್ಗೆ ಬಿಚ್ಚಿದೆ. ಇನ್‌ಟೇಕ್ ಎಲ್ಲ ಸರಿ ಇದೆ, ಮೂರನೇ ಸಿಲಿಂಡರ್ ಎಕ್ಸಾಸ್ಟ್ ಒಂದಕ್ಕೆ 0.10 ಕೂಡ ತೂರ್ತಿಲ್ಲ! ನಡುವಿನ ರಾಕರ್ ಎಲ್ಲ ಫ್ರೀ ಇದೆ. 0.20ಕ್ಕೆ ಇಟ್ಟೆ. ವಾಲ್ವ್ ಸುಟ್ಟಿರ್ಬಹುದಾ?

ಲಾಕ್‌ನಟ್
ನೋಡಿದ್ರೇ ಗೊತ್ತಾಗಲ್ಲ, ಕಂಪ್ರೆಷನ್ ಟೆಸ್ಟ್ ಮಾಡ್ಸಿ, ಮೂರನೇದು ಉಳಿದ ಮೂರಕ್ಕಿಂತ ತೀರಾ ಕಮ್ಮಿ ಬಂದ್ರೆ ಲೀಕ್‌ಡೌನ್ ಟೆಸ್ಟ್ (ಸಿಲಿಂಡರ್‌ಗೆ ಗಾಳಿ ತುಂಬಿ ಎಲ್ಲಿ ಸೋರುತ್ತೆ ಅಂತ ನೋಡೋದು), ಸೈಲೆನ್ಸರ್ ಪೈಪಲ್ಲಿ ಗಾಳಿ ಬುಸ್ ಅಂದ್ರೆ ವಾಲ್ವ್ ಹೋಗಿದೆ. ಸಮ ಇದ್ರೆ ಬದುಕ್ಕೊಂಡ್ರಿ, ಆದ್ರೂ ಆ ಒಂದು ವಾಲ್ವ್‌ನ ಸ್ವಲ್ಪ ಓಡ್ಸಿ ಮತ್ತೆ ಅಳೀರಿ, ಪುನಃ ಟೈಟ್ ಆಗ್ತಿದ್ರೆ ಸೀಟ್ ಕೆಟ್ಟಿದೆ. ಕವರ್ ಹಾಕುವಾಗ ಪ್ಲಗ್ ಟ್ಯೂಬ್ ಸೀಲ್ ಹೊಸದೇ ಹಾಕಿ, ಹಳೇವು ಗಟ್ಟಿಯಾಗಿದ್ರೆ ಪ್ಲಗ್ ಗುಂಡಿಗೆ ಆಯಿಲ್ ಇಳಿಯುತ್ತೆ.