‘ಕರ್ಫ್’ಗೆ ಬಡಗಿಗಳು ಏನಂತಾರೆ? ವಾಟರ್‌ಜೆಟ್ ಯಂತ್ರದ ಕೆಲವು ಪದಗಳು

ಎಲ್ಲರಿಗೂ ನಮಸ್ಕಾರ.

ಪಾಲಿಟೆಕ್ನಿಕ್ ಮಕ್ಕಳಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಕಾರು ತೊಳೆಯುವ ಪಂಪು ಇಟ್ಟುಕೊಂಡು ಸಣ್ಣದೊಂದು ವಾಟರ್‌ಜೆಟ್ ಕಟಿಂಗ್ ಯಂತ್ರ ಕಟ್ಟುವುದು ಹೇಗೆ ಅನ್ನುವುದು ವಿಷಯ. ಪಂಪು, ನಾಝಲ್, ವಾಲ್ವ್ ಎಲ್ಲ ಹಾಗೇ ಬಿಟ್ಟಿದ್ದೇನೆ. ವರ್ಕ್‌ಶಾಪಿನಲ್ಲಿ ಅವಕ್ಕೆ ಬೇರೆ ಹೆಸರಿಲ್ಲ. ಉಳಿದವಕ್ಕೆ, ಮುಖ್ಯವಾಗಿ ಕೊಯ್ಯುವಾಗ ಗರಗಸವೋ ಯಂತ್ರವೋ ತಿಂದುಹಾಕುವ ಅಗಲಕ್ಕೆ (ಅದೇ ‘ಕರ್ಫ್’), ಕನ್ನಡದ ಪದ ಹುಡುಕುತ್ತಿದ್ದೇನೆ.

ಯಂತ್ರದ ಕೆಲಸ ಹೀಗೆ. ಒತ್ತಡದ ನೀರನ್ನು ಗಟ್ಟಿ ಹರಳಿನ ಬಿಲ್ಲೆಯಲ್ಲಿರುವ ಸಣ್ಣ ತೂತಿನಿಂದ ಹೊರಬಿಡುತ್ತಾರೆ. ದೊಡ್ಡ ಕಾರ್ಖಾನೆ ಯಂತ್ರಗಳಲ್ಲಿ ಒತ್ತಡ 4,000 ಬಾರ್ ಹತ್ತಿರ ಇರುತ್ತದೆ, ತೊಳೆಯುವ ಪಂಪಿನಲ್ಲಿ 100–150 ಅಷ್ಟೇ. ನೀರಿನ ರಭಸಕ್ಕೆ ಪಕ್ಕದ ಕೊಳವೆಯಿಂದ ಗಾರ್ನೆಟ್ ಎಂಬ ಗಟ್ಟಿ ಖನಿಜದ ಪುಡಿ ತಾನಾಗಿ ಎಳೆದುಕೊಂಡು ಬಂದು ಬೆರೆಯುತ್ತದೆ. ಉಕ್ಕು, ಕಲ್ಲು ತುಂಡಾಗುವುದು ಆ ಪುಡಿಯಿಂದ. ನೀರು ಬರೀ ಹೊತ್ತು ತರುತ್ತದೆ.

ಹಾಗಾಗಿ ವಾಟರ್‌ಜೆಟ್ ಕಟಿಂಗ್‌ಗೆ ‘ಜಲಕರ್ತನ’ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಕೇಳೋಕೂ ಭಾರ. ‘ಕತ್ತರಿಸು’ ಅಂದರೆ ಎರಡು ಅಲಗು ಕಣ್ಣಮುಂದೆ ಬರುತ್ತವೆ. ‘ಕೊರೆ’ ಪರವಾಗಿಲ್ಲ. ಆದರೆ ಈ ಯಂತ್ರ ಮೊದಲು ನಿಂತಲ್ಲೇ ತೂತು ಮಾಡಿ, ಆಮೇಲೆ ಗೆರೆ ಹಿಡಿದು ಸಾಗುತ್ತದೆ. ಕೊಳವೆಬಾವಿ ಕೊರೆಸಿದವರಿಗೆ ‘ಕೊರೆ’ ಅಂದರೆ ಆ ತೂತೇ, ಅಲ್ವಾ? ಸದ್ಯಕ್ಕೆ ತೂತಿಗೆ ‘ಕೊರೆ’, ಸಾಗುವುದಕ್ಕೆ ‘ಕೊಯ್ಯಿ’ ಎಂದಿಟ್ಟಿದ್ದೇನೆ.

ಪುಡಿಗೆ ‘ಅಪಘರ್ಷಕ’ ಬೇಡ, ‘ಸಾಣೆಪುಡಿ’ ಸಾಕು. ಸಾಣೆ ಹಿಡಿದರೆ ಚೂಪಾಗಬೇಕಲ್ಲ, ಇಲ್ಲಿ ಸವೆಯುತ್ತದಲ್ಲ ಅನ್ನಬಹುದು. ಗಂಧ ತೇಯುವುದೂ ಸಾಣೆಕಲ್ಲಿನ ಮೇಲೇ ತಾನೆ? ಗಾರ್ನೆಟ್‌ಗೆ ‘ಗೋಮೇದಕ’ ಅನ್ನುವವರಿದ್ದಾರೆ. ಕುಲ ಒಂದೇ, ನಿಜ. ಆದರೆ ಈ ಪುಡಿ ಸಾಮಾನ್ಯವಾಗಿ ಕಬ್ಬಿಣದ ಅಂಶ ಜಾಸ್ತಿ ಇರುವ ಬೇರೆ ಬಗೆಯದು. ಮೂಟೆಗಟ್ಟಲೆ ಗೋಮೇದಕ ಸುರಿಯಿರಿ ಅಂತ ಬರೆದರೆ ಮಕ್ಕಳು ನಕ್ಕಾರು.

ನಿಜವಾಗಿ ಸಿಕ್ಕಿಹಾಕಿಕೊಂಡಿರುವುದು ‘ಕರ್ಫ್’ ಹತ್ತಿರ. ಕೊಯ್ದಾಗ ಪುಡಿಯಾಗಿ ಹೋಗಿಬಿಡುವ ಅಗಲ ಅದು. ಈ ಯಂತ್ರದಲ್ಲಿ ಸುಮಾರು 1 ಮಿ.ಮೀ. ಅದರ ಅರ್ಧದಷ್ಟು ಗೆರೆಯಿಂದ ಆಚೆ ಸರಿದು ಕೊಯ್ಯದಿದ್ದರೆ ತುಂಡು ಅಳತೆಗೆ ಚಿಕ್ಕದಾಗುತ್ತದೆ. ಮೇಲೆ ಅಗಲ, ಕೆಳಗೆ ಕಿರಿದಾಗುವುದೂ ಉಂಟು. ಅಂದರೆ ಈ ಪದ ಪುಟಕ್ಕೆ ನಾಲ್ಕು ಸಲ ಬರುತ್ತದೆ, ತಪ್ಪಿಸಿಕೊಳ್ಳುವ ಹಾಗಿಲ್ಲ. ‘ಸೀಳು’ ಆಗದು, ಸೌದೆ ಸೀಳಿದರೆ ಏನೂ ಕಳೆಯುವುದಿಲ್ಲ. ‘ಗೀರು’ ಮೇಲ್ಮೈಗೆ ಮಾತ್ರ. ‘ಕಚ್ಚು’ ಒಳಗೆ ಇಳಿಯುತ್ತದೆ, ಆರಪಾರ ಹೋಗುವುದಿಲ್ಲ. ‘ಕೊಯ್ತದ ಅಗಲ’ ಅಂತ ಬರೆದು ಸುಮ್ನೆ ಮುಂದೆ ಹೋಗಬಹುದು. ಆದರೆ ಸಾಮಿಲ್‌ನವರು ದಿಮ್ಮಿಗೆ ಎಷ್ಟು ಹಲಗೆ ಅಂತ ಲೆಕ್ಕ ಹಾಕುವಾಗ ಗರಗಸ ತಿನ್ನುವಷ್ಟನ್ನು ಬಿಟ್ಟೇ ಹಾಕಬೇಕು. ಅದಕ್ಕೊಂದು ಹೆಸರು ಇರಲೇಬೇಕು ಅನ್ನುವುದು ನನ್ನ ಗುಮಾನಿ.

ಮಲೆನಾಡು, ಕರಾವಳಿಯ ಬಡಗಿಗಳನ್ನೋ ಶಹಾಬಾದ್ ಕಡೆ ಕಲ್ಲು ಕೊಯ್ಯುವವರನ್ನೋ ಬಲ್ಲವರು ದಯವಿಟ್ಟು ಕೇಳಿ ಹೇಳಿ. ಯಾವ ಊರಿನ ಮಾತು ಅನ್ನುವುದನ್ನೂ ಬರೆಯಿರಿ. ಹೊಸದಾಗಿ ಕಟ್ಟಿದ ಪದ ಬೇಡ, ಬಾಯಲ್ಲಿ ಓಡಾಡುತ್ತಿರುವುದು ಬೇಕು.